ಅಲನ್ ಟ್ಯೂರಿಂಗ್: ಲೆಕ್ಕದ ಯಂತ್ರ ಹಾಡಿದ ಕಥೆ

(ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿ, ತಂಗಡಗಿ)

ಮನುಷ್ಯನು ತಾನು ಮಾಡಿಕೊಂಡ ಉಪಕರಣದಿಂದ ಬರಿಯ ಕೆಲಸವನ್ನು ಪಡೆದು ತೃಪ್ತನಾದುದು ಕಡಿಮೆ. ಬೀಸುವ ಕಲ್ಲು ಹುಟ್ಟಿದ್ದು ಜೋಳವನ್ನು ಹಿಟ್ಟು ಮಾಡುವುದಕ್ಕಾಗಿ. ಆದರೆ ಅದರ ಗರಗರ ಸಪ್ಪಳವನ್ನೇ ಶ್ರುತಿಯಾಗಿ ಹಿಡಿದು ನಮ್ಮ ತಾಯಂದಿರು ಬೆಳಗಿನ ಜಾವದಲ್ಲಿ ಹಾಡಿದರು. ಆಗ ಇಂಡಿ ತಾಲ್ಲೂಕಿನಲ್ಲಿದ್ದ ಹಲಸಂಗಿಯ ಗೆಳೆಯರು ಅಂಥ ಪದಗಳನ್ನು ಕೂಡಿಸಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದ ಮೇಲೆ, ದುಡಿಮೆಯ ಸದ್ದಿನೊಳಗೆ ಎಂಥ ಸಂಪತ್ತು ಅಡಗಿತ್ತೆಂಬುದು ನಾಡಿಗೆಲ್ಲ ತಿಳಿಯಿತು.

ಇದೇ ಬಗೆಯ ಸಂಗತಿಯೊಂದು ೧೯೫೧ನೆಯ ಇಸವಿಯಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ ನಡೆಯಿತು. ಲೆಕ್ಕ ಮಾಡಲೆಂದು ಕಟ್ಟಿದ ಕಂಪ್ಯೂಟರ್ ಯಂತ್ರವೊಂದು ಅಲ್ಲಿ ಹಾಡನ್ನು ನುಡಿಸಿತು. ಆ ಯಂತ್ರದ ಸದ್ದಿನಿಂದ ಸ್ವರ ತೆಗೆಯುವ ಬಗೆಯನ್ನು ಬರೆದಿಟ್ಟವರು ಅಲನ್ ಮ್ಯಾಥಿಸನ್ ಟ್ಯೂರಿಂಗ್ ಎಂಬ ಗಣಿತಜ್ಞರು. ಯುದ್ಧಕಾಲದಲ್ಲಿ ಅವರು ಮಾಡಿದ ಕಾರ್ಯದಿಂದಲೂ, ಆ ಬಳಿಕ ಅವರಿಗಾದ ಅನ್ಯಾಯದಿಂದಲೂ ಅವರ ಹೆಸರು ಜಗತ್ತಿಗೆ ಪರಿಚಿತವಾಗಿದೆ. ಆದರೆ ಸಂಗೀತದೊಂದಿಗೆ ಅವರಿಗಿದ್ದ ಈ ಸಣ್ಣ ಸಂಬಂಧವನ್ನು ಬಲ್ಲವರು ಕೆಲವರೇ. ಅವರ ಜೀವನದ ಅರ್ಥವೆಲ್ಲ ಈ ಸಣ್ಣ ಸಂಗತಿಯಲ್ಲಿ ಅಡಗಿದೆಯೆಂದು ನನಗೆ ತೋರುವುದರಿಂದ, ಅದನ್ನು ಮುಂದಿಟ್ಟುಕೊಂಡು ಅವರ ಚರಿತ್ರೆಯನ್ನು ವಾಚಕರಿಗೆ ಹೇಳಬಯಸುತ್ತೇನೆ.

ಟ್ಯೂರಿಂಗರ ಮನೆತನಕ್ಕೂ ನಮ್ಮ ನಾಡಿಗೂ ನಂಟಿತ್ತು. ತಂದೆ ಜೂಲಿಯಸ್ ಟ್ಯೂರಿಂಗರು ಇಂಡಿಯನ್ ಸಿವಿಲ್ ಸರ್ವಿಸಿನ ಅಧಿಕಾರಿಗಳು. ೧೮೯೬ರಲ್ಲಿ ಮದರಾಸಿಗೆ ಬಂದಿಳಿದ ಅವರು ಮೊದಲ ಹತ್ತು ವರ್ಷಗಳನ್ನು ಬಳ್ಳಾರಿ, ಕರ್ನೂಲು ಮೊದಲಾದ ಜಿಲ್ಲೆಗಳಲ್ಲಿ ಕಳೆದರು. ಬಳ್ಳಾರಿ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ನಮ್ಮ ವಿಜಾಪುರ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ತಾಯಿ ಎಥೆಲ್ ಸಾರಾ ಸ್ಟೋನಿಯವರು ಹುಟ್ಟಿದ್ದು ೧೮೮೧ರಲ್ಲಿ, ಕೊಯಮತ್ತೂರಿನ ಬಳಿಯ ಪೋದನೂರಿನಲ್ಲಿ. ಆಕೆಯ ತಂದೆ ಎಡ್ವರ್ಡ್ ವಾಲರ್ ಸ್ಟೋನಿಯವರು ರೈಲ್ವೆಯ ಮುಖ್ಯ ಇಂಜಿನಿಯರರು. ತುಂಗಭದ್ರಾ ನದಿಗೆ ರೈಲು ಸೇತುವೆಯನ್ನು ಕಟ್ಟಿಸಿದವರು. ಅವರು ದುಡಿದ ಮದ್ರಾಸ್ ರೈಲ್ವೆಯು ೧೯೦೮ರಲ್ಲಿ ಸದರ್ನ್ ಮರಾಠಾ ರೈಲ್ವೆಯೊಡನೆ ಒಂದಾಯಿತು. ಹೋಟಗಿಯಿಂದ ವಿಜಾಪುರ, ಆಲಮಟ್ಟಿಗಳ ಮೇಲೆ ಹಾದು ಗದಗಿಗೆ ಹೋಗುವ ನಮ್ಮ ಭಾಗದ ಹಾದಿಯೂ ಆ ಕೂಡಿದ ಕಂಪನಿಯ ಕೈಯಲ್ಲೇ ಇತ್ತು.

ಈ ಅಜ್ಜನವರು ಒಂದು ವಿಚಿತ್ರ ವಸ್ತುವಿಗೆ ಪೇಟೆಂಟ್ ಪಡೆದಿದ್ದರು. ಆ ಕಾಲದಲ್ಲಿ ಸಾಹೇಬರ ಕೋಣೆಗಳಲ್ಲಿ ಹಗ್ಗ ಜಗ್ಗಿ ಬೀಸುವ ಪಂಖಾ ಇರುತ್ತಿತ್ತು. ಹಗ್ಗ ಹಾಯುವ ಗಾಲಿಯು ಕಿರ್ರೆಂದು ಕಿರಚಿ ನಿದ್ದೆ ಕೆಡಿಸುತ್ತಿತ್ತು. ಸ್ಟೋನಿಯವರು ಸದ್ದು ಮಾಡದ ಪಂಖಾ ಗಾಲಿಯನ್ನು ಕಂಡುಹಿಡಿದರು. ಅಜ್ಜನು ಯಂತ್ರದ ಬಾಯಿ ಮುಚ್ಚಿಸಿದನು; ಮೊಮ್ಮಗನು ಯಂತ್ರದ ಸದ್ದಿನಿಂದ ಸ್ವರವನ್ನು ತೆಗೆದನು. ಕಾಲದ ವಿನೋದವೆಂದರೆ ಇದೇ ಅಲ್ಲವೇ?

ಜೂಲಿಯಸ್ ಮತ್ತು ಎಥೆಲ್ ಅವರ ವಿವಾಹವು ೧೯೦೭ರಲ್ಲಿ ಡಬ್ಲಿನ್ನಿನಲ್ಲಿ ನಡೆಯಿತು. ಹಿರಿಯ ಮಗ ಜಾನ್ ೧೯೦೮ರಲ್ಲಿ ನೀಲಗಿರಿಯ ಕುನ್ನೂರಿನಲ್ಲಿ ಹುಟ್ಟಿದನು. ಕಿರಿಯ ಮಗ ಅಲನ್ ಹುಟ್ಟಿದ್ದು ೧೯೧೨ರ ಜೂನ್ ೨೩ರಂದು ಲಂಡನ್ನಿನಲ್ಲಿ. ಮಗುವಿಗೆ ಇಲ್ಲಿಯ ಬಿಸಿಲು ಒಗ್ಗದೆಂದು ತಂದೆತಾಯಿಗಳು ಇಬ್ಬರು ಮಕ್ಕಳನ್ನೂ ಇಂಗ್ಲೆಂಡಿನ ಕಡಲತೀರದ ಊರೊಂದರಲ್ಲಿ ನಿವೃತ್ತ ಸೇನಾಧಿಕಾರಿಯೊಬ್ಬರ ಮನೆಯಲ್ಲಿ ಬಿಟ್ಟು ಭಾರತಕ್ಕೆ ಮರಳಿದರು. ಹೀಗೆ ಅಲನ್ ಪರರ ಮನೆಯಲ್ಲಿ ಬೆಳೆದನು. ಅನ್ನವಸ್ತ್ರಗಳಿಗೆ ಕೊರತೆಯಿರಲಿಲ್ಲ. ಆದರೆ ತಾಯಿಯ ಮುಖ ಕಾಣಲು ವರ್ಷಗಟ್ಟಲೆ ಕಾಯಬೇಕಾಗುತ್ತಿತ್ತು.

೧೯೨೬ರಲ್ಲಿ ಅವನು ಶೆರ್ಬೋರ್ನ್ ಎಂಬ ಊರಿನ ವಸತಿಶಾಲೆಗೆ ಸೇರಿದನು. ಶಾಲೆ ಸೇರುವ ದಿನವೇ ದೇಶವ್ಯಾಪಿ ಮುಷ್ಕರದಿಂದ ರೈಲುಗಳು ನಿಂತವು. ಹದಿನಾಲ್ಕು ತುಂಬದ ಹುಡುಗನು ಬಂದರಿನಿಂದ ಸುಮಾರು ೬೦ ಮೈಲಿ ಸೈಕಲ್ ತುಳಿದು, ನಡುವೆ ಒಂದು ರಾತ್ರಿ ತಂಗಿ, ಶಾಲೆಯನ್ನು ಮುಟ್ಟಿದನು. ಅಲ್ಲಿ ಅವನಿಗೆ ದೊರೆತ ಜೀವದ ಗೆಳೆಯನು ಕ್ರಿಸ್ಟಫರ್ ಮಾರ್ಕಮ್. ಇಬ್ಬರೂ ಗಣಿತದ ಮಾತು, ನಕ್ಷತ್ರದ ಮಾತು ಆಡುತ್ತ ಬೆಳೆದರು. ೧೯೩೦ರ ಫೆಬ್ರುವರಿಯಲ್ಲಿ ಕ್ರಿಸ್ಟಫರನು ಕ್ಷಯದಿಂದ ತೀರಿಕೊಂಡನು. ದೇಹ ಹೋದ ಮೇಲೆ ಮನಸ್ಸು ಎಲ್ಲಿ ಹೋಗುತ್ತದೆ, ಜಡವಸ್ತುವಿನಲ್ಲಿ ಮನಸ್ಸು ನೆಲೆಸುವುದೆಂತು ಎಂಬ ಪ್ರಶ್ನೆ ಟ್ಯೂರಿಂಗರನ್ನು ಅಂದಿನಿಂದ ಹಿಡಿಯಿತು.

೧೯೩೧ರಲ್ಲಿ ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜನ್ನು ಸೇರಿದ ಅವರು, ಪದವಿ ಪಡೆದ ಮರುವರ್ಷವೇ, ೨೨ ವರ್ಷದ ಚಿಕ್ಕ ವಯಸ್ಸಿನಲ್ಲಿ, ಆ ಕಾಲೇಜಿನ ಫೆಲೋ ಆದರು. ಅದೇ ಕಾಲದಲ್ಲಿ ಲಂಡನ್ನಿನ ಸಂತೆಯಲ್ಲಿ ಯಾರೋ ಬಳಸಿ ಬಿಟ್ಟ ಹಳೆಯ ಪಿಟೀಲೊಂದನ್ನು ಕೊಂಡು ಕೆಲವು ಪಾಠಗಳನ್ನೂ ಹೇಳಿಸಿಕೊಂಡರು. ದೊಡ್ಡ ವಾದಕರಾಗುವ ಯೋಗ ಅವರಿಗಿರಲಿಲ್ಲ. ಆದರೆ ತಂತಿಯ ನಡುಕವೇ ಸ್ವರವೆಂಬುದನ್ನು ಬೆರಳಿನಿಂದ ಮುಟ್ಟಿ ತಿಳಿದಿದ್ದರೆನ್ನಬಹುದು.

೧೯೩೬ರಲ್ಲಿ ಅವರು ಬರೆದ ಪ್ರಬಂಧವೇ ಇಂದಿನ ಕಂಪ್ಯೂಟರ್ ಶಾಸ್ತ್ರದ ತಳಹದಿ. ಅದರ ತಿರುಳನ್ನು ಕಲಾವಿಭಾಗದ ನಾವೂ ತಿಳಿಯಬಹುದು. ಅಂದಿನವರೆಗೆ ಒಂದು ಯಂತ್ರಕ್ಕೆ ಒಂದು ಕೆಲಸ ಎಂಬುದು ನಿಯಮವಾಗಿತ್ತು. ಗಿರಣಿ ಹಿಟ್ಟು ಬೀಸಬೇಕು, ಮಗ್ಗ ಬಟ್ಟೆ ನೇಯಬೇಕು. ಗಿರಣಿಯಿಂದ ನೇಯಿಸಲು ಬಾರದು. ಟ್ಯೂರಿಂಗರು ಕಾಗದದ ಮೇಲೆ ಕಲ್ಪಿಸಿದ ಯಂತ್ರವು ಒಂದು ಉದ್ದನೆಯ ಪಟ್ಟಿಯ ಮೇಲಿನ ಗುರುತುಗಳನ್ನು ಓದುತ್ತದೆ, ಅಳಿಸುತ್ತದೆ, ಬರೆಯುತ್ತದೆ, ಅಷ್ಟೇ. ಆದರೆ ಮಾಡಬೇಕಾದ ಕೆಲಸದ ವಿವರವನ್ನೂ ಅದೇ ಪಟ್ಟಿಯ ಮೇಲೆ ಆಜ್ಞೆಗಳಾಗಿ ಬರೆದುಕೊಟ್ಟರೆ, ಯಂತ್ರದ ಒಂದು ಮೊಳೆಯನ್ನೂ ಬದಲಿಸದೆ ಅದರಿಂದ ಬೇರೆ ಬೇರೆ ಕೆಲಸಗಳನ್ನು ಮಾಡಿಸಬಹುದು. ಆಜ್ಞೆ ಬದಲಾದರೆ ಯಂತ್ರದ ಗುಣವೇ ಬದಲಾಗುತ್ತದೆ. ಹುಟ್ಟಿದಾಗ ಹಣೆಗೆ ಅಂಟಿದ ಕೆಲಸವನ್ನೇ ಕಡೆತನಕ ಮಾಡಬೇಕೆಂಬ ಕಟ್ಟು ಅದಕ್ಕಿಲ್ಲ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನಂಥವರು ಈ ಕಾಲೇಜಿನಲ್ಲಿ ಬಹಳ ಮಂದಿ ಇದ್ದಾರೆ. ತಾತ ಹಿಡಿದ ಉದ್ಯೋಗವನ್ನೇ ಮೊಮ್ಮಗನೂ ಹಿಡಿಯತಕ್ಕದ್ದೆಂದು ನಂಬಿದ ಊರುಗಳಿಂದ ಬಂದ ನಮಗೆ ಈ ವಿಚಾರವು ಬರಿಯ ಗಣಿತವಾಗಿ ತೋರುವುದಿಲ್ಲ.

ಕಾಗದದ ಮೇಲಿನ ಯಂತ್ರವನ್ನು ಕಟ್ಟುವ ಮೊದಲೇ ಮಹಾಯುದ್ಧ ಬಂದಿತು. ೧೯೩೯ರ ಸೆಪ್ಟೆಂಬರ್ ೪ರಂದು ಟ್ಯೂರಿಂಗರು ಬ್ಲೆಚ್ಲಿ ಪಾರ್ಕ್ ಎಂಬಲ್ಲಿಯ ಗುಪ್ತ ಕಚೇರಿಗೆ ಹಾಜರಾದರು. ಜರ್ಮನ್ ಸೇನೆಯು ಎನಿಗ್ಮಾ ಎಂಬ ಯಂತ್ರದಿಂದ ಸಂದೇಶಗಳನ್ನು ಗೂಢಲಿಪಿಗೆ ತಿರುಗಿಸಿ ಕಳಿಸುತ್ತಿತ್ತು. ಅದನ್ನು ಬಿಡಿಸುವ ದಾರಿಯನ್ನು ಮೊದಲು ಕಂಡವರು ಪೋಲೆಂಡಿನ ಗಣಿತಜ್ಞರು. ಅವರ ಕೆಲಸವನ್ನು ಮುಂದುವರಿಸಿ ಟ್ಯೂರಿಂಗರು ‘ಬಾಂಬ್’ ಎಂಬ ಹೆಸರಿನ ವಿದ್ಯುತ್ ಯಂತ್ರವನ್ನು ರೂಪಿಸಿದರು. ಗಾರ್ಡನ್ ವೆಲ್ಚ್‌ಮನ್ ಅದನ್ನು ತಿದ್ದಿ ಬಲಪಡಿಸಿದರು. ಮೊದಲನೆಯದು ೧೯೪೦ರ ಮಾರ್ಚಿಯಲ್ಲಿ ನಿಂತಿತು. ಅಟ್ಲಾಂಟಿಕ್ ಸಾಗರದಲ್ಲಿ ಧಾನ್ಯದ ಹಡಗುಗಳನ್ನು ಮುಳುಗಿಸುತ್ತಿದ್ದ ಜಲಾಂತರ್ಗಾಮಿಗಳ ಸಂದೇಶಗಳನ್ನು ಬಿಡಿಸಿದ ತಂಡಕ್ಕೂ ಅವರೇ ಮುಖಂಡರಾಗಿದ್ದರು. ಈ ಸೇವೆಗಾಗಿ ೧೯೪೬ರಲ್ಲಿ ಸರಕಾರವು ಅವರಿಗೆ ಪದಕವಿತ್ತಿತು. ಯಾವ ಸೇವೆಗೆ ಎಂಬುದನ್ನು ಮಾತ್ರ ಯಾರಿಗೂ ಹೇಳುವಂತಿರಲಿಲ್ಲ.

ಯುದ್ಧದ ಕೊನೆಯ ಭಾಗದಲ್ಲಿ ಅವರು ಮನುಷ್ಯನ ಧ್ವನಿಯ ಮೇಲೆ ಕೆಲಸ ಮಾಡಿದರು. ಟೆಲಿಫೋನಿನ ಮಾತನ್ನು ಕ್ಷಣಕ್ಷಣಕ್ಕೂ ಅಳೆದು, ಅಳತೆಗಳಿಗೆ ಗುಪ್ತವಾದ ಅಂಕೆಗಳನ್ನು ಕೂಡಿಸಿ, ಕದ್ದು ಕೇಳುವವರಿಗೆ ಬರಿಯ ಗದ್ದಲವಾಗಿ ಕೇಳಿಸುವಂತೆ ಮಾಡುವ ‘ಡಿಲೈಲಾ’ ಎಂಬ ಉಪಕರಣವನ್ನು ಕಟ್ಟಿದರು. ಯುದ್ಧ ಮುಗಿಯುತ್ತ ಬಂದುದರಿಂದ ಅದು ಬಳಕೆಗೆ ಬರಲಿಲ್ಲ. ಆದರೆ ದನಿಯನ್ನು ಅಂಕೆಯಾಗಿಸಿ, ಅಂಕೆಯನ್ನು ಮರಳಿ ದನಿಯಾಗಿಸುವ ದಾರಿ ಟ್ಯೂರಿಂಗರಿಗೆ ಅಂದೇ ಪರಿಚಿತವಾಗಿತ್ತು. ಇಂದು ನಮ್ಮ ಫೋನುಗಳಲ್ಲಿ ಹಾಡು ಕೇಳಿಬರುವುದೂ ಧ್ವನಿಯನ್ನು ಅಂಕೆಯಾಗಿಸುವ ಇದೇ ತತ್ತ್ವದಿಂದ.

೧೯೪೮ರ ಜೂನ್ ೨೧ರಂದು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ, ಆಜ್ಞೆಗಳನ್ನು ತನ್ನ ನೆನಪಿನಲ್ಲೇ ಇಟ್ಟುಕೊಳ್ಳುವ ಸಣ್ಣ ಕಂಪ್ಯೂಟರೊಂದು ಮೊದಲ ಲೆಕ್ಕವನ್ನು ಮಾಡಿತು. ಅದೇ ವರ್ಷ ಟ್ಯೂರಿಂಗರು ಅಲ್ಲಿಗೆ ಬಂದರು. ಮುಂದೆ ೧೯೫೧ರ ಫೆಬ್ರುವರಿಯಲ್ಲಿ ಫೆರಾಂಟಿ ಕಂಪನಿಯು ಕಟ್ಟಿದ ದೊಡ್ಡ ಯಂತ್ರ, ಫೆರಾಂಟಿ ಮಾರ್ಕ್ ೧, ವಿಶ್ವವಿದ್ಯಾಲಯಕ್ಕೆ ಬಂದಿತು. ಹಳೆಯ ರೇಡಿಯೋಗಳಲ್ಲಿ ಉರಿಯುತ್ತಿದ್ದಂಥ ಗಾಜಿನ ವಾಲ್ವುಗಳು ಅದರಲ್ಲಿ ನಾಲ್ಕು ಸಾವಿರದಷ್ಟಿದ್ದವು. ಇಂದಿನ ಕಂಪ್ಯೂಟರಿನಂತೆ ಚಿತ್ರ ತೋರಿಸುವ ಪರದೆ ಅದಕ್ಕಿರಲಿಲ್ಲ. ಒಳಗೆ ಏನು ನಡೆದಿದೆಯೆಂಬುದು ಕೆಲಸಗಾರನಿಗೆ ತಿಳಿಯುವ ಒಂದು ಉಪಾಯವೆಂದರೆ ಸದ್ದು. ಯಂತ್ರಕ್ಕೆ ಒಂದು ಸಣ್ಣ ಧ್ವನಿವರ್ಧಕವನ್ನು ಜೋಡಿಸಲಾಗಿತ್ತು. ಅದಕ್ಕೆ ‘ಹೂಟರ್’ ಎಂದು ಹೆಸರು.

ನಮ್ಮೂರ ಕಡೆ ಹಿಟ್ಟಿನ ಗಿರಣಿಯವನು ಬಾಗಿಲ ಹೊರಗೆ ಮಾತಿಗೆ ಕುಳಿತಿದ್ದರೂ ಅವನ ಕಿವಿ ಒಳಗಿರುತ್ತದೆ. ಮೇಲಿನ ಬಾಯಿಗೆ ಸುರಿದ ಜೋಳ ತೀರುತ್ತಲೇ ಗಿರಣಿಯ ಸದ್ದು ಬದಲಾಗುತ್ತದೆ. ಅವನು ಮಾತನ್ನು ಅರ್ಧಕ್ಕೇ ಬಿಟ್ಟು ಏಳುತ್ತಾನೆ. ಹೂಟರಿನ ಉಪಯೋಗವೂ ಇದೇ ಆಗಿತ್ತು. ಲೆಕ್ಕ ಮುಗಿಯಿತು, ತಪ್ಪು ನುಸುಳಿತು, ಅಂಕೆ ಮಿತಿಮೀರಿತು ಎಂಬ ಸುದ್ದಿಗಳನ್ನು ಬೇರೆ ಬೇರೆ ದನಿಗಳಿಂದ ತಿಳಿಯಬಹುದಾಗಿತ್ತು.

ಬೇರೆ ಬೇರೆ ದನಿ ಬರುವುದು ಹೇಗೆ? ಹೂಟರಿಗೆ ಒಮ್ಮೆ ಆಜ್ಞೆಯಿತ್ತರೆ ಟಕ್ ಎಂಬ ಒಂದು ಸಣ್ಣ ಸಪ್ಪಳ ಮಾತ್ರ ಬರುತ್ತಿತ್ತು. ಅದೇ ಆಜ್ಞೆಯನ್ನು ಯಂತ್ರವು ಸೆಕೆಂಡಿಗೆ ನೂರಾರು ಸಲ ಸಮನಾದ ಅಂತರದಲ್ಲಿ ಪುನಃ ಪುನಃ ನಡೆಸಿದರೆ, ಬಿಡಿ ಸಪ್ಪಳಗಳು ಕಿವಿಯಲ್ಲಿ ಕೂಡಿ ಒಂದು ಅಖಂಡ ಸ್ವರವಾಗಿ ಕೇಳಿಸುತ್ತವೆ. ಸೆಕೆಂಡಿಗೆ ೪೪೦ ಸಪ್ಪಳಗಳಾದರೆ, ಪಾಶ್ಚಾತ್ಯ ವಾದಕರು ತಮ್ಮ ವಾದ್ಯಗಳನ್ನು ಹೊಂದಿಸಿಕೊಳ್ಳುವ ಸ್ವರ. ಎಡೆ ಹೆಚ್ಚಿದರೆ ಸ್ವರ ಇಳಿಯುತ್ತದೆ, ಕಡಿಮೆಯಾದರೆ ಏರುತ್ತದೆ. ಈ ಬಗೆಯನ್ನೆಲ್ಲ ಟ್ಯೂರಿಂಗರು ಆ ಯಂತ್ರಕ್ಕಾಗಿ ತಾವು ಬರೆದ ಕೈಪಿಡಿಯಲ್ಲಿ ವಿವರಿಸಿದರು. ಅವರಿಗೆ ಸ್ವರಗಳು ಸೂಚನೆಗಾಗಿ ಬೇಕಾಗಿದ್ದವು. ಅವುಗಳನ್ನು ಪೋಣಿಸಿ ಹಾಡು ಮಾಡುವ ಉತ್ಸಾಹ ಮತ್ತೊಬ್ಬರಿಂದ ಬಂದಿತು.

ಅವರ ಹೆಸರು ಕ್ರಿಸ್ಟಫರ್ ಸ್ಟ್ರೇಚಿ. ವೃತ್ತಿಯಿಂದ ಶಾಲಾಮಾಸ್ತರರು, ಹವ್ಯಾಸದಿಂದ ಪಿಯಾನೋ ವಾದಕರು. ಕಿಂಗ್ಸ್ ಕಾಲೇಜಿನ ದಿನಗಳಿಂದ ಟ್ಯೂರಿಂಗರ ಪರಿಚಿತರು. ಕೈಪಿಡಿಯನ್ನು ತರಿಸಿಕೊಂಡು ಓದಿದ ಅವರು, ಆ ಯಂತ್ರಕ್ಕೆ ಅಂದಿನವರೆಗೆ ಯಾರೂ ಬರೆಯದಷ್ಟು ಉದ್ದನೆಯ ಆಜ್ಞೆಗಳ ಸರಣಿಯನ್ನು ಬರೆದುಕೊಂಡು ಮ್ಯಾಂಚೆಸ್ಟರಿಗೆ ಬಂದರು. ಟ್ಯೂರಿಂಗರು ಯಂತ್ರವನ್ನು ನಡೆಸುವ ಕ್ರಮವನ್ನು ಬೇಗಬೇಗನೆ ಹೇಳಿ, ಅವರನ್ನು ರಾತ್ರಿ ಯಂತ್ರದೊಡನೆ ಒಬ್ಬರನ್ನೇ ಬಿಟ್ಟು ಹೋದರು. ಬೆಳಗಾಗುವ ಹೊತ್ತಿಗೆ ಸ್ಟ್ರೇಚಿಯವರ ಆಜ್ಞೆಗಳೆಲ್ಲ ನಡೆದವು. ಕೊನೆಯಲ್ಲಿ ಯಂತ್ರವು ಇಂಗ್ಲೆಂಡಿನ ರಾಷ್ಟ್ರಗೀತೆಯನ್ನು ನುಡಿಸಿ ಎಲ್ಲರನ್ನೂ ಬೆರಗುಗೊಳಿಸಿತು. ಮಿತಭಾಷಿಗಳಾದ ಟ್ಯೂರಿಂಗರು ಎರಡೇ ಮಾತಿನಲ್ಲಿ ಮೆಚ್ಚುಗೆಯನ್ನು ಸೂಚಿಸಿದರು. ತಾವು ಬೇರೊಂದು ಕಾರಣಕ್ಕೆ ವಿವರಿಸಿದ ಸಾಧನವನ್ನು ಹೊಸಬರೊಬ್ಬರು ಆಟಕ್ಕೆ ಬಳಸಿದರೆಂದು ಅವರು ಕೋಪಗೊಳ್ಳಲಿಲ್ಲ. ನಿಜವಾದ ಗುರುವಿನ ಲಕ್ಷಣವಿದು. ಆ ಶಾಲಾಮಾಸ್ತರರು ಮುಂದೆ ಆಕ್ಸ್‌ಫರ್ಡಿನಲ್ಲಿ ಕಂಪ್ಯೂಟರ್ ಶಾಸ್ತ್ರದ ಪ್ರಾಧ್ಯಾಪಕರಾದರು.

ಈ ವಾರ್ತೆ ಬಿ.ಬಿ.ಸಿ.ಗೆ ಮುಟ್ಟಿತು. ೧೯೫೧ರ ಕೊನೆಯ ಭಾಗದಲ್ಲಿ ಅದರ ತಂತ್ರಜ್ಞರು ಬಂದು ಯಂತ್ರದ ಸಂಗೀತವನ್ನು ತಟ್ಟೆಯ ಮೇಲೆ ಕೊರೆದುಕೊಂಡರು. ರಾಷ್ಟ್ರಗೀತೆ, ಒಂದು ಶಿಶುಗೀತೆ, ಅಮೆರಿಕದ ಒಂದು ಕುಣಿತದ ಗತ್ತು, ಹೀಗೆ ಮೂರು. ನಡುವೆ ಯಂತ್ರ ಹಟ ಹಿಡಿದು ನಿಂತಿತು, ಸುತ್ತಲಿದ್ದವರು ನಕ್ಕರು, ಆ ನಗೆಯೂ ತಟ್ಟೆಯಲ್ಲಿ ಸೇರಿತು. ಆಸ್ಟ್ರೇಲಿಯದ ಸಿಡ್ನಿಯಲ್ಲಿಯೂ ಸಿಸಿರಾಕ್ ಎಂಬ ಕಂಪ್ಯೂಟರು ಅದೇ ವರ್ಷ ಜನರೆದುರಿಗೆ ಹಾಡನ್ನು ನುಡಿಸಿತ್ತು. ಆದರೆ ಅದರ ಅಂದಿನ ದನಿಯನ್ನು ಯಾರೂ ಹಿಡಿದಿಡಲಿಲ್ಲ. ಆದುದರಿಂದ ಕಂಪ್ಯೂಟರ್ ಸಂಗೀತದ ಧ್ವನಿಮುದ್ರಣಗಳಲ್ಲಿ ನಮಗೆ ಉಳಿದಿರುವ ಅತ್ಯಂತ ಹಳೆಯದೆಂದು ಮ್ಯಾಂಚೆಸ್ಟರಿನ ತಟ್ಟೆಯನ್ನು ಎಣಿಸುತ್ತಾರೆ.

ಸಂಗೀತವಾಗಿ ಅದು ಎಂಥದು? ತಂಬೂರಿಯ ಶ್ರುತಿಗೆ ಒಗ್ಗಿದ ನಮ್ಮ ಕಿವಿಗೆ ಅದರಲ್ಲಿ ಕೊರತೆ ಕಾಣದಿರದು. ಯಂತ್ರದ ಸಪ್ಪಳವು ಅದರ ಒಳಗಡಿಯಾರದ ತಾಳಕ್ಕೆ ಸರಿಯಾಗಿ ಮಾತ್ರ ಬೀಳಬಲ್ಲದು. ಎರಡು ತಾಳಗಳ ನಡುವೆ ಬೀಳಲಾರದು. ಆದುದರಿಂದ ಕೆಲವು ಸ್ವರಗಳು ತಮ್ಮ ನೆಲೆಯಿಂದ ತುಸು ಆಚೀಚೆ ನಿಲ್ಲುತ್ತವೆ. ನಮ್ಮಲ್ಲಿ ಪೇಟಿಯ ಮೇಲೆಯೂ ಇಂಥದೇ ಆಕ್ಷೇಪವಿತ್ತು. ಅದರ ಮನೆಗಳು ಸ್ಥಿರ. ಗಮಕ, ಮೀಂಡಗಳು ಅದರಲ್ಲಿ ಬಾರವು. ಇದರಿಂದಾಗಿ ೧೯೪೦ರಿಂದ ಸುಮಾರು ಮೂರು ದಶಕಗಳ ಕಾಲ ಆಕಾಶವಾಣಿಯು ಪೇಟಿಯನ್ನು ದೂರವಿಟ್ಟಿತ್ತು. ಆದರೆ ನಮ್ಮ ಭಜನೆಯವರೂ ನಾಟಕದವರೂ ಪೇಟಿಯನ್ನು ಬಿಟ್ಟವರಲ್ಲ. ಕೊರತೆಯುಳ್ಳ ವಾದ್ಯದಲ್ಲಿಯೂ ರಸ ತೆಗೆಯುವುದೇ ಜನರ ಜಾಣತನ.

ಆ ಕೊರತೆಯೇ ಮುಂದೆ ಒಂದು ಉಪಕಾರವನ್ನು ಮಾಡಿತು. ೨೦೧೬ರಲ್ಲಿ ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ಜ್ಯಾಕ್ ಕೋಪ್ಲೆಂಡ್ ಮತ್ತು ಜೇಸನ್ ಲಾಂಗ್ ಎಂಬವರು ಈ ಹಳೆಯ ಧ್ವನಿಮುದ್ರಣವನ್ನು ಪರೀಕ್ಷಿಸಿದರು. ಅದರಲ್ಲಿ ಆ ಯಂತ್ರಕ್ಕೆ ನುಡಿಸಲು ಸಾಧ್ಯವೇ ಇಲ್ಲದ ಸ್ವರಗಳು ಕೇಳಿಬಂದವು. ಯಂತ್ರವು ಯಾವ ಸ್ವರಗಳನ್ನು ನುಡಿಯಬಲ್ಲದೆಂಬುದು ಲೆಕ್ಕದಿಂದ ಗೊತ್ತಿತ್ತು. ಹಾಗಾದರೆ ತಪ್ಪು ಯಂತ್ರದ್ದಲ್ಲ, ತಟ್ಟೆ ಕೊರೆಯುವಾಗ ಅದು ತಿರುಗಿದ ವೇಗದ್ದು ಎಂದು ಅವರು ನಿರ್ಣಯಿಸಿದರು. ವೇಗವನ್ನು ಸರಿಪಡಿಸಿ, ಗೊರಗೊರ ಸದ್ದನ್ನು ತೆಗೆದ ಮೇಲೆ, ೬೫ ವರ್ಷಗಳ ಹಿಂದಿನ ಆ ದನಿಯನ್ನು ಜಗತ್ತು ಮತ್ತೆ ಸರಿಯಾಗಿ ಕೇಳಿತು. ಹಾಡಿದ ಯಂತ್ರವನ್ನಾದರೋ ಎಂದೋ ಕಳಚಿ ಹಾಕಿದ್ದರು.

ಈ ಸಂಗೀತದ ಹಿಂದೆ ಒಂದು ವಾದವೂ ಇದೆ. ೧೯೪೯ರಲ್ಲಿ ಮ್ಯಾಂಚೆಸ್ಟರಿನ ಪ್ರಸಿದ್ಧ ಶಸ್ತ್ರವೈದ್ಯ ಜೆಫ್ರಿ ಜೆಫರ್ಸನ್‌ರು, ತಾನೇ ಅನುಭವಿಸಿದ ಭಾವದಿಂದ ಕವಿತೆಯನ್ನೋ ಸಂಗೀತವನ್ನೋ ರಚಿಸುವವರೆಗೆ ಯಂತ್ರವನ್ನು ಮಿದುಳಿಗೆ ಸಮವೆನ್ನಲಾಗದೆಂದು ವಾದಿಸಿದರು. ೧೯೫೦ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಟ್ಯೂರಿಂಗರು ಇದಕ್ಕೆ ಉತ್ತರವಿತ್ತರು. ಪರರ ಮನಸ್ಸಿನೊಳಗೆ ಹೊಕ್ಕು ನೋಡಲು ನಮಗೆ ಯಾರಿಗೂ ಸಾಧ್ಯವಿಲ್ಲ; ಎದುರಿಗಿರುವವನು ಯೋಚಿಸುತ್ತಾನೆಂದು ಅವನ ಮಾತಿನಿಂದಲೇ ನಾವು ನಂಬುತ್ತೇವೆ; ಅದೇ ಸೌಜನ್ಯವನ್ನು ಯಂತ್ರಕ್ಕೂ ತೋರಿ ಪರೀಕ್ಷಿಸಬಾರದೇಕೆ ಎಂಬುದು ಅವರ ವಾದದ ಸಾರ. ೧೯೫೧ರ ಯಂತ್ರ ತಾನಾಗಿ ಏನನ್ನೂ ರಚಿಸಲಿಲ್ಲ. ಬರೆದುಕೊಟ್ಟುದನ್ನು ನುಡಿಸಿತು, ಅಷ್ಟೆ. ಇಂದು ಕಂಪ್ಯೂಟರುಗಳು ಪದ್ಯವನ್ನೂ ರಾಗವನ್ನೂ ಕಟ್ಟತೊಡಗಿರುವಾಗ ಆ ಹಳೆಯ ವಾದವು ನಮ್ಮ ತರಗತಿಗಳ ಬಾಗಿಲಿಗೇ ಬಂದು ನಿಂತಿದೆ.

ಇನ್ನು ಹೇಳಬೇಕಾದುದು ದುಃಖದ ಮಾತು. ಟ್ಯೂರಿಂಗರು ೧೯೫೧ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. ಮರುವರ್ಷವೇ ಅವರು ಅಪರಾಧಿಯಾಗಿ ನ್ಯಾಯಾಲಯದಲ್ಲಿ ನಿಲ್ಲಬೇಕಾಯಿತು. ಅವರ ಒಲವು ಗಂಡಸರ ಕಡೆಗಿತ್ತು. ೧೮೮೫ರ ಕಾನೂನಿನ ಪ್ರಕಾರ ಇಂಗ್ಲೆಂಡಿನಲ್ಲಿ ಅದು ಶಿಕ್ಷಾರ್ಹ. ೧೯೫೨ರ ಮಾರ್ಚ್ ೩೧ರಂದು ತೀರ್ಪಾಯಿತು. ಸೆರೆಮನೆ ಬೇಡವಾದರೆ ಒಂದು ವರ್ಷ ಹಾರ್ಮೋನಿನ ಚಿಕಿತ್ಸೆಗೆ ಒಳಗಾಗಬೇಕೆಂದು ಷರತ್ತು ಬಂದಿತು. ಅವರು ಎರಡನೆಯದನ್ನು ಆರಿಸಿಕೊಂಡರು. ಗೂಢಲಿಪಿಯ ಸರಕಾರಿ ಕೆಲಸದ ಬಾಗಿಲು ಅವರಿಗೆ ಮುಚ್ಚಿತು. ಇಷ್ಟಾದರೂ ಪ್ರಾಣಿಗಳ ಮೈಮೇಲಿನ ಮಚ್ಚೆಪಟ್ಟೆಗಳು ಮೂಡುವ ಬಗೆಯನ್ನು ಗಣಿತದಿಂದ ವಿವರಿಸುವ ಅವರ ಹಿರಿಯ ಪ್ರಬಂಧ ಪ್ರಕಟವಾದುದು ಅದೇ ೧೯೫೨ರಲ್ಲಿ. ೧೯೫೪ರ ಜೂನ್ ೭ರಂದು ಸಯನೈಡ್ ವಿಷದಿಂದ ಅವರು ಮೃತರಾದರು. ಆಗ ಅವರಿಗೆ ೪೨ ತುಂಬಿರಲಿಲ್ಲ. ಆತ್ಮಹತ್ಯೆಯೆಂದು ವಿಚಾರಣಾಧಿಕಾರಿ ತೀರ್ಮಾನಿಸಿದರು. ಅದು ಆಕಸ್ಮಿಕವೆಂದೇ ತಾಯಿ ಕಡೆತನಕ ನಂಬಿದ್ದರು. ಮಕ್ಕಳನ್ನು ಪರರ ಮನೆಯಲ್ಲಿ ಬಿಟ್ಟು ಭಾರತಕ್ಕೆ ಮರಳಿದ್ದ ಆ ತಾಯಿಯೇ ೧೯೫೯ರಲ್ಲಿ ಮಗನ ಮೊದಲ ಜೀವನಚರಿತ್ರೆಯನ್ನು ಬರೆದು ಪ್ರಕಟಿಸಿದರು.

೨೦೦೯ರಲ್ಲಿ ಬ್ರಿಟಿಷ್ ಪ್ರಧಾನಮಂತ್ರಿಗಳು ಸರಕಾರದ ಪರವಾಗಿ ಕ್ಷಮೆ ಕೇಳಿದರು. ೨೦೧೩ರಲ್ಲಿ ರಾಣಿಯವರ ಕ್ಷಮಾದಾನ ಬಂದಿತು. ೨೦೨೧ರಲ್ಲಿ ೫೦ ಪೌಂಡಿನ ನೋಟಿನ ಮೇಲೆ ಅವರ ಚಿತ್ರ ಮೂಡಿತು. ಇಂಗ್ಲೆಂಡಿನವರು ೧೮೬೦ರಲ್ಲಿ ನಮ್ಮ ದಂಡಸಂಹಿತೆಯಲ್ಲಿ ಸೇರಿಸಿಹೋದ ಅಂಥದೇ ಕಲಮು, ಪರಸ್ಪರ ಸಮ್ಮತಿಯುಳ್ಳ ವಯಸ್ಕರಿಗೆ ಅನ್ವಯಿಸದೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ೨೦೧೮ರ ಸೆಪ್ಟೆಂಬರ್ ೬ರಂದು ಸಾರಿತು. ಸತ್ತವರಿಗೆ ಇದರಿಂದ ಲಾಭವಿಲ್ಲ, ಇದ್ದವರಿಗೆ ಉಂಟು.

ಇಂದಿಗೂ ಹಳೆಯ ಕಂಪ್ಯೂಟರುಗಳಿಂದ ಸಂಗೀತ ತೆಗೆಯುವ ಹವ್ಯಾಸಿಗಳು ಲೋಕದ ನಾನಾ ಕಡೆ ಇದ್ದಾರೆ. ೧೯೮೨ರಲ್ಲಿ ಮಾರಾಟಕ್ಕೆ ಬಂದ ಕಮೊಡೋರ್ ೬೪ ಎಂಬ ಮನೆಬಳಕೆಯ ಕಂಪ್ಯೂಟರಿನಲ್ಲಿ ಮೂರೇ ದನಿಗಳ ಒಂದು ಚಿಪ್ಪು ಇತ್ತು. ಹೊಸ ಯಂತ್ರಗಳಲ್ಲಿ ಲೆಕ್ಕವಿಲ್ಲದಷ್ಟು ದನಿಗಳಿದ್ದರೂ ಆ ಮೂರನ್ನೇ ಪ್ರೀತಿಯಿಂದ ದುಡಿಸಿಕೊಳ್ಳುವವರಿದ್ದಾರೆ. ಒಳಗಿನ ಕೆಲಸ ಕೈಗೆ ನಿಲುಕುವಂತಿರುವುದು, ಇದ್ದಷ್ಟರಲ್ಲೇ ಜಾಣ್ಮೆ ತೋರಿಸಬೇಕಾಗಿರುವುದು, ಇವೇ ಅವರ ಆಕರ್ಷಣೆಗೆ ಕಾರಣವೆಂದು ತೋರುತ್ತದೆ. ಅವರೆಲ್ಲರೂ ಅರಿತೋ ಅರಿಯದೆಯೋ ಮ್ಯಾಂಚೆಸ್ಟರಿನ ಆ ರಾತ್ರಿಯ ಶಾಲಾಮಾಸ್ತರರ ಶಿಷ್ಯರು.

ಸಹಪಾಠಿಗಳೇ, ಟ್ಯೂರಿಂಗರ ಚರಿತ್ರೆಯನ್ನು ಓದಿ ಮುಗಿಸಿದಾಗ ಒಂದು ವಿರೋಧ ಮನಸ್ಸಿಗೆ ನಾಟುತ್ತದೆ. ಯಂತ್ರವು ಒಂದೇ ಕೆಲಸಕ್ಕೆ ಹುಟ್ಟಿದುದಲ್ಲ, ಅದಕ್ಕೆ ನೂರು ಬಗೆಯಲ್ಲಿ ಬದುಕಲು ಬರುತ್ತದೆ ಎಂದು ಅವರು ತೋರಿಸಿಕೊಟ್ಟರು. ಲೆಕ್ಕದ ಯಂತ್ರ ಹಾಡಿದಾಗ ಅವರ ಸುತ್ತಲಿನವರು ನಕ್ಕು ಸಂತೋಷಪಟ್ಟರು. ಆದರೆ ಮನುಷ್ಯನೊಬ್ಬನು ತಮ್ಮ ಎಣಿಕೆಗಿಂತ ಬೇರೆ ಬಗೆಯಲ್ಲಿ ಬದುಕಿದ್ದನ್ನು ಅದೇ ಸಮಾಜ ಸಹಿಸಲಿಲ್ಲ. ಯಂತ್ರಕ್ಕೆ ದೊರೆತ ಸಲಿಗೆ ಅದರ ಗುರುವಿಗೆ ದೊರೆಯಲಿಲ್ಲ. ವಿದ್ಯೆ ಕಲಿತು ಊರಿಗೆ ಮರಳಲಿರುವ ನಾವು, ನಮ್ಮ ಓಣಿಯಲ್ಲಿ ಯಾರಾದರೂ ತಮಗೆ ಗೊತ್ತುಮಾಡಿದ ಸ್ವರವನ್ನು ಬಿಟ್ಟು ಬೇರೆ ಸ್ವರ ಹಿಡಿದಾಗ, ಅವರ ಬಾಯಿ ಮುಚ್ಚಿಸುವ ಮೊದಲು ಒಂದು ಗಳಿಗೆ ಕಿವಿಗೊಟ್ಟು ಕೇಳಿದರೆ, ಈ ಮಹನೀಯರ ಋಣದಲ್ಲಿ ಸ್ವಲ್ಪವಾದರೂ ತೀರಿಸಿದಂತಾದೀತು.